ಗೊಂಬೆ ಕೆರೆಗೆ ಮರಳು ಸುರಿದದ್ದು ಯಾರು?

ಮೊದಲೇ ಹೇಳಿಬಿಡುತ್ತೇನೆ, ಓದುವವರು ಸುಮ್ಮನೆ ತಲೆ ಕೆಡಿಸಿಕೊಳ್ಳುವುದು ಬೇಡ. ಮರಳು ಸುರಿದವಳು ನಾನು. ಬೇಕೆಂದೇ ಸುರಿದೆ. ಗೊಂಬೆಗಳ ಮುಂದೆ ಕೆರೆಯೆಂದು ಇಡುವ ಕನ್ನಡಿ ಒಡೆದಿರಲಿಲ್ಲ, ಕಳೆದಿರಲೂ ಇಲ್ಲ. ಹಳೆಯ ಸೀರೆ ಸುತ್ತಿಕೊಂಡು ಬೀರುವಿನ ಹಿಂದೆ ಕ್ಷೇಮವಾಗಿತ್ತು. ಇಷ್ಟನ್ನು ಕಂಡುಹಿಡಿಯುವುದಕ್ಕೆಂದು ಒಂದು ವಿಶೇಷ ಪೊಲೀಸ್ ತಂಡ ಅಹಮದಾಬಾದು, ವಡೋದರಾ, ಸೂರತ್ತು ಎಂದು ತಿಂಗಳುಗಟ್ಟಲೆ ಓಡಾಡಿತು. ಅವರ ಪೆಟ್ರೋಲು ನೆನೆಸಿಕೊಂಡರೆ ಈಗಲೂ ಅಯ್ಯೋ ಅನ್ನಿಸುತ್ತದೆ.

ನಮ್ಮ ಯಜಮಾನರು ಕೇಂದ್ರ ಸರ್ಕಾರದ ಒಂದು ತನಿಖಾ ಇಲಾಖೆಯಲ್ಲಿದ್ದವರು. ಮೈಸೂರಿನಿಂದ ಸೂರತ್ತಿಗೆ ವರ್ಗವಾಗಿ ಬಂದು, ಅಲ್ಲಿಂದ ವಡೋದರಾ, ಅಲ್ಲಿಂದ ಅಹಮದಾಬಾದು ಎಂದು ಗುಜರಾತಿನ ರೈಲು ಹಳಿಗುಂಟ ಮೇಲೆ ಬಂದು, ಕೊನೆಗೆ ಆ ಊರಿನ ಅಂಚಿನ ಬಡಾವಣೆ ಬೋಪಾಲ್‌ನ ಒಂದು ಎತ್ತರದ ಟವರಿನಲ್ಲಿ ಮನೆ ಮಾಡಿದೆವು. ಪ್ರತಿ ವರ್ಗಾವಣೆಯಲ್ಲೂ ನನ್ನ ಗೊಂಬೆಗಳ ಟ್ರಂಕು ಲಾರಿಯಲ್ಲಿ ಎಲ್ಲಕ್ಕಿಂತ ಮೊದಲು ಏರುತ್ತಿತ್ತು. ಇದನ್ನು ಯಜಮಾನರು ಆಕ್ಷೇಪಿಸಿದವರಲ್ಲ. ಆದರೆ ಟ್ರಂಕಿನಲ್ಲಿ ಏನಿದೆ ಎಂದು ಬಗ್ಗಿ ನೋಡಿದವರೂ ಅಲ್ಲ. ಪಟ್ಟದ ಗೊಂಬೆಯನ್ನೂ ಶೆಟ್ಟಿ ಗೊಂಬೆಯನ್ನೂ ಪಕ್ಕಪಕ್ಕ ಇಟ್ಟು ಯಾವುದು ರಾಜ ಎಂದು ಕೇಳಿದರೆ, ಹೊಟ್ಟೆ ನೋಡಿ ಶೆಟ್ಟಿಯನ್ನೇ ತೋರಿಸುವ ಮನುಷ್ಯ. ಒಳ್ಳೆಯವರು. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಹೇಳಲು ಹೊರಟರೆ ಕಿವಿ ಕೆಂಪಗಾಗುತ್ತದೆ. ಈ ಕಿವಿಯ ವಿಷಯ ಆಮೇಲೆ ನಮಗೆ ದೊಡ್ಡ ಚಿಂತೆಯಾಯಿತು.

ನಮ್ಮ ಹಾಲಿನ ಕಿಟಕಿಯ ನೇರ ಕೆಳಗೆ ಒಂದು ದೊಡ್ಡ ಹಳ್ಳವಿತ್ತು. ದಂಡೆಯಲ್ಲಿ ನಾಲ್ಕಾರು ಬೇವಿನ ಮರಗಳು. ಬೆಳಗಿನ ವಾಕಿಂಗ್ ಮುಗಿಸಿ ನಾನು ಅಲ್ಲೇ ಕೂತು ಊರಿಗೆ ಫೋನು ಮಾಡುತ್ತಿದ್ದೆ. ಆ ಕಡೆಯ ನಾಯಕರೊಬ್ಬರಿಗೆ ಅದನ್ನು ಸರೋವರ ಮಾಡಬೇಕೆಂಬ ಮನಸ್ಸಾಯಿತು. ಬೇವಿನ ಮರಗಳನ್ನು ಉರುಳಿಸಿ ಸುತ್ತ ಕಟ್ಟೆ ಕಟ್ಟಿದರು, ದೀಪದ ಕಂಬ ನೆಟ್ಟರು, ಸಿಮೆಂಟಿನ ಹಂಸ ಕೂರಿಸಿದರು, ದೋಣಿಗಳನ್ನು ತಂದರು, ಟಿಕೆಟ್ ಕೊಡುವ ಕಿಟಕಿ ಮಾಡಿದರು. ಉದ್ಘಾಟನೆಯ ದಿನ ಟ್ಯಾಂಕರುಗಳಲ್ಲಿ ನೀರು ತಂದು ಸುರಿದರು. ನಾಯಕರು ದೋಣಿಯಲ್ಲಿ ನಿಂತು ಕೈ ಬೀಸಿದರು. ವಾರ ಕಳೆಯುವುದರೊಳಗೆ ನೀರೆಲ್ಲ ನೆಲಕ್ಕೆ ಇಂಗಿ, ದೋಣಿಗಳು ಮರಳಿನ ಮೇಲೆ ಮಗ್ಗುಲಾಗಿ ಮಲಗಿದವು. ಟಿಕೆಟ್ ಕಿಟಕಿಯಲ್ಲಿ ಮಾತ್ರ ಒಬ್ಬ ಸಿಬ್ಬಂದಿ ದಿನವೂ ಹಾಜರು. ಯಾರಾದರೂ ಮಕ್ಕಳನ್ನು ಕರೆದುಕೊಂಡು ಬಂದರೆ ಬಹಳ ಮರ್ಯಾದೆಯಿಂದ “ಕಾಲೇ ಆವ್ಜೋ”, ನಾಳೆ ಬನ್ನಿ, ಎನ್ನುತ್ತಿದ್ದ. ಪಕ್ಕದಲ್ಲೇ ದೊಡ್ಡ ಬೋರ್ಡು: ಈಜಬಾರದು, ನೀರಿಗೆ ಕೈ ಹಾಕಬಾರದು, ಮೀನುಗಳಿಗೆ ತಿಂಡಿ ಎಸೆಯಬಾರದು. ಬೋರ್ಡನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಮರಗಳನ್ನು ಕಡಿದದ್ದಕ್ಕೆ ಅಳುವೇ ಬಂದಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ.

ಆ ವರ್ಷದ ನವರಾತ್ರಿಗೆ ಗೊಂಬೆ ಕೂರಿಸುವಾಗ ಯೋಚಿಸಿಯೇ ಮಾಡಿದೆ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆ, ದಶಾವತಾರ, ಎಲ್ಲ ಯಥಾಪ್ರಕಾರ. ಕೆಳಗೆ ಪಾರ್ಕು. ಬೇರೆ ವರ್ಷಗಳಲ್ಲಿ ಅಲ್ಲಿ ಕನ್ನಡಿಯಿಟ್ಟು ಸುತ್ತ ರಾಗಿ ಪೈರು ಬೆಳೆಸಿ ಕೆರೆ ಮಾಡುತ್ತಿದ್ದೆ. ಈ ಸಲ ಕನ್ನಡಿಯನ್ನು ಒಳಗಿಟ್ಟು, ಅದೇ ಹಳ್ಳದಿಂದ ಚೀಲದಲ್ಲಿ ಮರಳು ತಂದು ಸುರಿದೆ. ಮರಳಿನ ಮೇಲೆ ಮಗಳ ಹಳೆಯ ಆಟದ ದೋಣಿಗಳನ್ನು ಮಗ್ಗುಲಾಗಿಸಿ ಮಲಗಿಸಿದೆ. ಬೆಂಕಿಪೊಟ್ಟಣದಿಂದ ಟಿಕೆಟ್ ಕಿಟಕಿ ಮಾಡಿ, ಅದರ ಹಿಂದೆ ಶೆಟ್ಟಿ ಗೊಂಬೆಯನ್ನು ಕೂರಿಸಿದೆ. ಆ ಹೊಟ್ಟೆ, ಆ ಮೀಸೆ, ಆ ನಗು ಬೇರೆ ಯಾರನ್ನೋ ಹೋಲುತ್ತಿದ್ದರೆ ಅದು ಗೊಂಬೆ ಮಾಡಿದವನ ಕೈಗುಣ.

ಅರಿಸಿನ ಕುಂಕುಮಕ್ಕೆ ಬಂದ ಹೆಂಗಸರು ನೋಡಿ ಬಾಯಿಗೆ ಸೆರಗು ಒತ್ತಿ ನಕ್ಕರು. ಫೋಟೋಗಳು ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿಗೂ ಹೋದವು. ಮಾರನೆಯ ಸಂಜೆ ಯಜಮಾನರ ಮೇಲಧಿಕಾರಿ ಹೆಂಡತಿಯನ್ನು ಕರೆದುಕೊಂಡು ಬಂದರು. ಧಾರವಾಡದ ಕಡೆಯವರು, ದೊಡ್ಡ ಮನುಷ್ಯರು, ನಿವೃತ್ತಿ ಹತ್ತಿರವಿತ್ತು. ಕೆಳಗೆ ಸೊಸೈಟಿಯ ಮೈದಾನದಲ್ಲಿ ಗರ್ಬಾದ ಧ್ವನಿವರ್ಧಕ ಕಿವಿಗಡಚಿಕ್ಕುತ್ತಿತ್ತು. ಅವರು ಕಡಲೆಕಾಳಿನ ಉಸಲಿಯ ತಟ್ಟೆ ಹಿಡಿದುಕೊಂಡು ಗೊಂಬೆಗಳ ಮುಂದೆ ನಿಂತರು.

“ಏನ್ ತಂಗಿ, ಕೆರಿ ಮಾಡೀದಿ, ಕೆರಿಯೊಳಗ ನೀರ ಎಲ್ಲದ?” ಎಂದರು.

“ಕನ್ನಡಿ ಒಡೆದಿರಬೇಕು ಸಾರ್,” ಎಂದು ಯಜಮಾನರು ಅವಸರದಲ್ಲಿ ಹೇಳಿದರು. “ಟ್ರಾನ್ಸ್‌ಫರಲ್ಲಿ ಎಷ್ಟೊಂದು ಸಾಮಾನು ಹಾಳಾಯ್ತು.”

ಪಾಪ, ಅವರು ಹಾಗೆಂದೇ ನಂಬಿದ್ದರು. ನಾನು ಇನ್ನೊಂದು ಸೌಟು ಉಸಲಿ ಬಡಿಸುತ್ತ, “ನಮ್ಮ ಕೆಳಗಿನ ಕೆರೇಲೂ ನೀರಿಲ್ಲ ಸಾರ್. ಕಿಟಕಿಯಿಂದ ನೋಡಿ ಬೇಕಾದ್ರೆ” ಎಂದೆ. ಅವರು ಕಿಟಕಿಗೆ ಹೋಗಿ ನಿಂತರು. ತುಂಬ ಹೊತ್ತು ನಿಂತರು. ಆಮೇಲೆ ತಟ್ಟೆ ಕೆಳಗಿಟ್ಟು, ಕೈ ತೊಳೆದು ಹೊರಟರು.

ಕೆಲವು ದಿನಗಳಲ್ಲೇ ಆ ಕೆರೆಯ ಬಗ್ಗೆ ಇಲಾಖೆಯ ತನಿಖೆ ಶುರುವಾಯಿತು. ಎಲ್ಲ ನನ್ನ ಮರಳಿನ ಮಹಿಮೆ ಎಂದು ನಾನು ಬೀಗುವುದಿಲ್ಲ. ನೀರಿಲ್ಲದ ಕೆರೆಗಳು ಬೇಕಾದಷ್ಟಿವೆ. ಆದರೆ ಆ ನಾಯಕರು ಆಗ ಬೇಡವಾದ ಪಕ್ಷದ ಕಡೆ ಇದ್ದರು, ಆದ್ದರಿಂದ ಅವರ ಕೆರೆಯಲ್ಲಿ ನೀರಿಲ್ಲದಿರುವುದು ಅಪರಾಧವಾಗಿತ್ತು. ಮೇಲಿನವರಿಗೂ ಏನಾದರೂ ಒಂದು ಬೇಕಾಗಿತ್ತು, ಅದು ಸಿಕ್ಕಿತು. ಸರ್ಕಾರಿ ಕಡತವೊಂದು ಹುಟ್ಟಬೇಕಾದರೆ ಅದಕ್ಕೊಂದು ಮೂಲ ಇರಬೇಕು. ಅಧೀನ ಅಧಿಕಾರಿಯ ಮನೆಯಲ್ಲಿ ಉಸಲಿ ತಿನ್ನುತ್ತ ಗೊಂಬೆ ನೋಡಿದೆ ಎಂದು ಯಾವ ಅಧಿಕಾರಿ ಬರೆಯುತ್ತಾನೆ? “ವಿಶ್ವಸನೀಯ ಸ್ಥಳೀಯ ಮೂಲಗಳಿಂದ ತಿಳಿದುಬಂದಂತೆ” ಎಂದು ಬರೆದರು. ಅವರಿಗೆ ಅಭ್ಯಾಸ, ಎಲ್ಲ ಕಡತಗಳೂ ಹಾಗೆಯೇ ಶುರುವಾಗುತ್ತಿದ್ದವು. ದಾಳಿಗಳಾದವು, ಟಿ.ವಿ.ಯವರು ಒಣಗಿದ ಹಳ್ಳದಲ್ಲಿ ನಿಂತು ಕಿರುಚಿದರು, ನಾಯಕರು ಎದೆಯ ಮೇಲೆ ಕೈಯಿಟ್ಟು ಇದು ಸೇಡು ಎಂದರು. ಯಾರಾದರೂ ಆ ಹೊತ್ತಿಗೆ ನನ್ನನ್ನು ವಿಶ್ವಸನೀಯ ಮೂಲಗಳೇ ಎಂದು ಕೂಗಿದ್ದರೆ ನಾನು ತಿರುಗಿಯೂ ನೋಡುತ್ತಿರಲಿಲ್ಲ.

ಆಮೇಲೆ ನಾಯಕರು ಒಂದು ಬೆಳಿಗ್ಗೆ ಬೇಡವಾದ ಕಡೆಯಿಂದ ಬೇಕಾದ ಕಡೆಗೆ ಬಂದರು. ಕೊರಳಿಗೆ ಶಾಲು ಬಿತ್ತು. ಶಾಲು ಬಿದ್ದ ಮೇಲೆ ತನಿಖೆ ತಾನಾಗಿಯೇ ತಣ್ಣಗಾಯಿತು. ಅಷ್ಟಕ್ಕೇ ಬಿಟ್ಟಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದೆವು. ಆದರೆ ಒಬ್ಬ ನಿರಪರಾಧಿಯ ಮೇಲೆ ತನಿಖೆ ಹೇಗೆ ಶುರುವಾಯಿತು, ಅದರ ಹಿಂದೆ ಯಾರ ಒಳಸಂಚಿತ್ತು ಎಂಬುದನ್ನು ಪತ್ತೆ ಮಾಡಬೇಕೆಂದು ಅವರ ಅಭಿಮಾನಿಯೊಬ್ಬ ಸೂರತ್ತಿನಲ್ಲಿ ದೂರು ಕೊಟ್ಟ. ಕೆರೆ ಬೋಪಾಲ್‌ನಲ್ಲಿ, ದೂರು ಸೂರತ್ತಿನಲ್ಲಿ ಯಾಕೆ ಎಂದರೆ, ಟಿ.ವಿ. ನೋಡುತ್ತ ಅವನ ಮನಸ್ಸಿಗೆ ನೋವಾದಾಗ ಅವನು ಸೂರತ್ತಿನಲ್ಲಿದ್ದನಂತೆ. ನೋವಾದ ಜಾಗವೇ ಅಪರಾಧದ ಜಾಗ. ಹೀಗೆ ತನಿಖೆಯ ಹುಟ್ಟಿನ ಮೇಲೆ ಕ್ರಿಮಿನಲ್ ತನಿಖೆ ಹುಟ್ಟಿತು.

ಹೊಸ ತನಿಖಾಧಿಕಾರಿ ಮೊದಲು ಹೋದದ್ದು ನಮ್ಮ ಹಳೆಯ ಮೇಲಧಿಕಾರಿಯ ಬಳಿಗೆ. ಅವರು ಆಗ ನಿವೃತ್ತರಾಗಿ ವಡೋದರಾದಲ್ಲಿ ಮಗಳ ಮನೆಯ ಹತ್ತಿರ ಇದ್ದರು. ವಿಶ್ವಸನೀಯ ಮೂಲ ಯಾರು ಎಂದು ಕೇಳಿದರೆ, ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟರು: ಅಧೀನ ಅಧಿಕಾರಿಯ ಮನೆಗೆ ಹೋಗಿದ್ದೆ, ಗೊಂಬೆ ನೋಡಿದೆ, ಕಿಟಕಿಯಿಂದ ನೋಡಿರೆಂದು ಹೇಳಿದರು, ನೋಡಿದೆ. ಹೇಳಿದವರು ಯಾರು? ಮನೆಯ ಯಜಮಾನರು.

ನಮ್ಮ ಮನೆಗೆ ಸುದ್ದಿ ಮುಟ್ಟಿದ್ದು ಹೀಗೆ. ಯಜಮಾನರ ಹೆಸರು ಆರೋಪಿಗಳ ಸಾಲಿಗೆ ಸೇರುವುದರಲ್ಲಿತ್ತು. ಸೇರಿದರೆ ಮೊದಲು ಅಮಾನತು, ಆಮೇಲೆ ನಿವೃತ್ತಿಯ ಹೊತ್ತಿಗೆ ಪೆನ್ಷನ್ನಿಗೆ ತಡೆ, ಅದಕ್ಕಿಂತ ಮೊದಲು ಮಾನ. ಸೇವೆಯಲ್ಲಿ ಒಂದು ಮೆಮೊ ಕೂಡ ತೆಗೆದುಕೊಳ್ಳದ ಮನುಷ್ಯ. ಅನ್ನ ಕಲಸಿ ಹಾಗೆಯೇ ಬಿಟ್ಟು ಏಳುತ್ತಿದ್ದರು. “ನಾನೇನ್ ಮಾಡ್ದೆ ಹೇಳು? ಕನ್ನಡಿ ಒಡೆದಿದ್ದು ಬಿಟ್ರೆ ನಂಗೇನ್ ಗೊತ್ತು?” ಎಂದು ಕೇಳುತ್ತಿದ್ದರು.

ತನಿಖಾಧಿಕಾರಿ ಒಂದು ಭಾನುವಾರ ಬೆಳಿಗ್ಗೆ ಮನೆಗೆ ಬಂದ. ನಲವತ್ತರ ಆಸುಪಾಸಿನವನು, ಹಣೆಯಲ್ಲಿ ತಿಲಕ, ಮೃದುವಾದ ಮಾತು. ಅವನ ಗುಜರಾತಿ ಬೆರೆತ ಹಿಂದಿಯನ್ನು ಇಲ್ಲಿ ಕನ್ನಡದಲ್ಲೇ ಹೇಳುತ್ತೇನೆ, ಅಕ್ಕಾ ಎನ್ನುವ ಅವನ ‘ಬೆನ್’ ಒಂದನ್ನು ಬಿಟ್ಟು.

“ಬೆನ್, ಆ ದಿನ ಗೊಂಬೆಗಳು ಹೇಗಿದ್ದವೋ ಹಾಗೆಯೇ ಜೋಡಿಸಿ ತೋರಿಸಬೇಕು. ಘಟನೆಯ ಮರುಸೃಷ್ಟಿ.”

“ಆಗಲ್ಲ,” ಎಂದೆ. “ಇದು ಚೈತ್ರ ಮಾಸ. ನಮ್ಮಲ್ಲಿ ಪಟ್ಟದ ಗೊಂಬೆಯನ್ನ ದಸರೆಯ ನವರಾತ್ರಿ ಬಿಟ್ಟು ಬೇರೆ ಯಾವಾಗಲೂ ಕೂರಿಸುವ ಹಾಗಿಲ್ಲ.”

ಅವನು ಭಕ್ತ. ಚಪ್ಪಲಿಯನ್ನು ಹೊರಗೇ ಬಿಟ್ಟು ಬಂದಿದ್ದ. ಸ್ವಲ್ಪ ಯೋಚಿಸಿ, ಧಾರ್ಮಿಕ ಕಾರಣದಿಂದ ಮರುಸೃಷ್ಟಿಯನ್ನು ಮುಂದೂಡಲಾಗಿದೆ ಎಂದು ಬರೆಸಿದ. ಟ್ರಂಕನ್ನು ಬಿಚ್ಚಿಸಿ ಒಂದೊಂದೇ ಗೊಂಬೆಯ ವಿವರ ಬರೆಸುವಾಗ ಮಾತ್ರ ನಗು ತಡೆಯುವುದು ಕಷ್ಟವಾಯಿತು. ಪಟ್ಟದ ಗೊಂಬೆಗಳು “ಒಬ್ಬ ಗಂಡಸು, ಒಬ್ಬ ಹೆಂಗಸು, ಮರದವರು, ದಕ್ಷಿಣ ಭಾರತದವರಂತೆ ಕಾಣುತ್ತಾರೆ” ಎಂದಾದರು. ನರಸಿಂಹನ ಮುಂದೆ ಬರೆಯುವ ಕಾನ್‌ಸ್ಟೇಬಲ್ ಪೆನ್ನು ನಿಲ್ಲಿಸಿ ಕೈ ಮುಗಿದ. ಸಾಕ್ಷಿಗೆ ಕರೆಸಿದ್ದ ಸೊಸೈಟಿಯ ಕಾರ್ಯದರ್ಶಿ, ಪಾರ್ಕಿಂಗ್ ಜಗಳ ಬಿಟ್ಟು ಬೇರೆ ಏನನ್ನೂ ಕಾಣದ ಮನುಷ್ಯ, ಎಲ್ಲಕ್ಕೂ ರುಜು ಹಾಕಿ ಒಂದು ಕಪ್ ಚಾ ಹೆಚ್ಚಿಗೆ ಕುಡಿದು ಹೋದ. ನನ್ನ ಫೋನಿನಿಂದ ಗೊಂಬೆಗಳ ಫೋಟೋಗಳನ್ನೂ ಅವರು ತೆಗೆದುಕೊಂಡರು.

“ಆ ಕೆರೆ ನೋಡೋದಿಲ್ವ?” ಎಂದು ಕೇಳಿದೆ. “ಇದೇ ಕಿಟಕಿ.”

“ಕೆರೆ ನನ್ನ ವ್ಯಾಪ್ತಿಗೆ ಬರುವುದಿಲ್ಲ ಬೆನ್,” ಎಂದ. “ಅದು ಹಳೆಯ ತನಿಖೆ. ನನ್ನದು, ಹಳೆಯ ತನಿಖೆ ಯಾಕೆ ಶುರುವಾಯಿತು ಅನ್ನುವುದಷ್ಟೇ.” ಕಿಟಕಿಗೆ ಬೆನ್ನು ತಿರುಗಿಸಿಕೊಂಡೇ ಚಾ ಮುಗಿಸಿದ.

ಮುಂದಿನ ವಾರ ನಾವಿಬ್ಬರೂ ವಡೋದರಾಕ್ಕೆ ಹೋದೆವು. ಮೇಲಧಿಕಾರಿಯವರು ತಮ್ಮ ನೆನಪನ್ನು ಸ್ವಲ್ಪ ತಿದ್ದಿಕೊಂಡರೆ ಯಜಮಾನರು ಉಳಿಯುತ್ತಿದ್ದರು. ಅವರೋ, ನಮ್ಮನ್ನು ನೋಡಿ ನಿಜವಾಗಿ ನೊಂದುಕೊಂಡರು.

“ನಾ ಸುಳ್ಳ ಹ್ಯಾಂಗ ಹೇಳ್ಲೆಪಾ? ಕಿಟಕ್ಯಾಗಿಂದ ನೋಡ್ರಿ ಅಂತ ನೀವ ಅಂದ್ರಿ. ನನಗ ಛಲೋ ನೆನಪದ.”

“ನಾನಲ್ಲ ಸಾರ್. ನಾನು ಕನ್ನಡಿ ಒಡೆದಿದೆ ಅಂದೆ, ಅಷ್ಟೆ.”

“ಹಂಗಾರ ಯಾರ ಅಂದ್ರು?”

ಇಬ್ಬರೂ ಹುಬ್ಬು ಗಂಟಿಕ್ಕಿ ಯೋಚಿಸಿದರು. ಆ ಸಂಜೆ ಆ ಕೋಣೆಯಲ್ಲಿ ಮಾತಾಡಬಹುದಾದವರು ತಾವಿಬ್ಬರೇ ಎಂದು ಇಬ್ಬರೂ ಲೆಕ್ಕ ಹಾಕಿದ್ದು ಮುಖದಲ್ಲೇ ಕಾಣುತ್ತಿತ್ತು. ನಾನು, “ಸಾರ್, ಅದು ನಾನು...” ಎಂದು ಬಾಯಿ ತೆರೆದೆ.

“ನೀ ಉಸಳಿ ಮಾಡಿದ್ದಿ ತಂಗಿ,” ಎಂದು ಅವರು ಪ್ರೀತಿಯಿಂದ ನನ್ನ ಕಡೆ ತಿರುಗಿದರು. “ಏನ್ ರುಚಿ ಇತ್ತವಾ! ಇಂಗು ಹಾಕಿದ್ದಿ ಹೌದಲ್ಲೊ?”

ಹೌದು, ಇಂಗು ಹಾಕಿದ್ದೆ. ಆ ಕ್ಷಣ ಆ ಹಿರಿಯರ ತಲೆಯ ಮೇಲೆ ಅದೇ ಇಂಗಿನ ಡಬ್ಬಿಯನ್ನು ಬೋರಲು ಹಾಕಬೇಕೆನ್ನಿಸಿತು. ಬಾಯಿ ಮುಚ್ಚಿಕೊಂಡೆ. ವಾಪಸು ಬರುವಾಗ ಯೋಚಿಸಿದೆ: ಈಗ ಯಜಮಾನರಿಗೆ ನಿಜ ಹೇಳಿದರೆ ಏನಾಗುತ್ತದೆ? ಅವರನ್ನು ಸೂರತ್ತಿಗೆ ಕರೆಸುತ್ತಾರೆ, ನಿನ್ನ ಹೆಂಡತಿ ಬೇಕೆಂದೇ ಮಾಡಿದ್ದು ನಿನಗೆ ಗೊತ್ತಿತ್ತೇ ಎಂದು ಕೇಳುತ್ತಾರೆ, ಕಿವಿ ಕೆಂಪಗಾಗುತ್ತದೆ. ಈಗ “ಗೊತ್ತಿಲ್ಲ” ಎಂದರೆ ಅದು ನಿಜ. ಆ ನಿಜವೊಂದೇ ಅವರ ಬಳಿ ಉಳಿದಿದ್ದ ಆಸ್ತಿ. ಅದನ್ನು ನಾನು ಮುಟ್ಟಬಾರದು ಎಂದುಕೊಂಡೆ.

ಸೂರತ್ತಿಗೆ ಅವರನ್ನು ಮತ್ತೆ ಮತ್ತೆ ಕರೆಸಿದರು. ಕೊನೆಗೆ ನನ್ನ ಹೇಳಿಕೆಯೂ ಬೇಕೆಂದು ಸುದ್ದಿ ಬಂತು. ಅಹಮದಾಬಾದಿನ ನವರಂಗಪುರದಲ್ಲಿ ಕಾನೂನು ಓದುತ್ತಿದ್ದ ಮಗಳು ಇಲ್ಲೇ ಬೆಳೆದವಳು, ಅವಳ ಕನ್ನಡ ಅಷ್ಟಕ್ಕಷ್ಟೇ. “ಅಮ್ಮಾ, ನೀನು ಮತ್ ಜಾನಾ. ರೂಲ್ ಇದೆ. ಲೇಡೀಸ್‌ದು ಸ್ಟೇಟ್‌ಮೆಂಟ್ ಘರ್ ಪೇ ಹೀ ತೊಗೋಬೇಕು. ಔರ್ ಸೈನ್ ಭೀ ಮಾಡೋದು ಬೇಡ” ಎಂದಳು. ನನಗೆ ಹೋಗಬೇಕಿತ್ತು. ಪ್ರತಿ ಸಲ ಆ ರೈಲಿನಿಂದ ಇಳಿದು ಬರುವಾಗ ಯಜಮಾನರ ಮುಖ ಇನ್ನಷ್ಟು ಇಳಿದಿರುತ್ತಿತ್ತು. ನನಗೆ ಅದನ್ನು ನೋಡಿಕೊಂಡು ಮನೆಯಲ್ಲಿ ಕೂರಲು ಆಗಲಿಲ್ಲ.

ವಿಶೇಷ ತಂಡದ ಕಚೇರಿ ಸೂರತ್ತಿನ ಕತಾರ್‌ಗಾಮ್‌ನಲ್ಲಿ, ಒಂದು ವಜ್ರದ ಕಾರ್ಖಾನೆಯ ಮೇಲಿನ ಬಾಡಿಗೆ ಮಹಡಿಯಲ್ಲಿತ್ತು. ಕೆಳಗಿನಿಂದ ಕಲ್ಲು ಉಜ್ಜುವ ಗಾಲಿಗಳ ಸದ್ದು ಸಣ್ಣಗೆ ಏರಿಬರುತ್ತಿತ್ತು. ಯಜಮಾನರನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ನನ್ನನ್ನು ಒಳಗೆ ಕರೆದರು. ಜೊತೆಗೊಬ್ಬ ಮಹಿಳಾ ಕಾನ್‌ಸ್ಟೇಬಲ್, ಮೂಲೆಯಲ್ಲಿ ಟೈಪ್ ಮಾಡುವವನು. ಮೇಜಿನ ಮೇಲೆ ನನ್ನ ಗೊಂಬೆಗಳ ಫೋಟೋಗಳನ್ನು ದೊಡ್ಡದಾಗಿ ಮುದ್ರಿಸಿ ಹರಡಿದ್ದರು. ತನಿಖಾಧಿಕಾರಿ ಕೆಳಗಿನವರಿಂದ ವಜ್ರ ನೋಡುವ ಪುಟ್ಟ ಭೂತಗನ್ನಡಿಯನ್ನು ಕೇಳಿ ತಂದು, ಕಣ್ಣಿಗೆ ಒತ್ತಿಕೊಂಡು ನನ್ನ ಮರಳನ್ನು ಪರೀಕ್ಷಿಸುತ್ತಿದ್ದ.

“ಟಿಕೆಟ್ ಕಿಟಕಿಯಲ್ಲಿ ಕೂತಿರುವ ಈ ದಪ್ಪ ವ್ಯಕ್ತಿ ಯಾರು ಬೆನ್?”

“ಶೆಟ್ಟಿ. ಮೈಸೂರಿನ ಕಡೆ ಗೊಂಬೆ ಕೂರಿಸುವ ಎಲ್ಲ ಮನೆಯಲ್ಲೂ ಇರ್ತಾನೆ. ದಿನಸಿ ಅಂಗಡಿಯವನು.”

“ದಿನಸಿಯವನಿಗೆ ಸರೋವರದಲ್ಲಿ ಏನು ಕೆಲಸ?”

“ನಿಜವಾದ ಸರೋವರದಲ್ಲಿ ಕೂತಿರೋನಿಗೂ ಏನೂ ಕೆಲಸ ಇಲ್ಲ.”

ಟೈಪ್ ಮಾಡುವವನು ಕೈ ತಡೆದು ಸಾಹೇಬನ ಮುಖ ನೋಡಿದ. ಸಾಹೇಬ ಬೇಡ ಎಂದು ತಲೆಯಾಡಿಸಿದ. ನನಗೆ ಅಷ್ಟು ತಿಂಗಳ ಸಿಟ್ಟು ಒಟ್ಟಿಗೆ ನೆತ್ತಿಗೇರಿತು.

“ನೋಡಿ,” ಎಂದೆ, “ನಿಮಗೆ ಬೇಕಾದ ಮೂಲ ನಾನೇ. ಮರಳು ಹಾಕಿದವಳು ನಾನು, ಬೇಕಂತಲೇ ಹಾಕಿದೆ. ಕಿಟಕಿಯಿಂದ ನೋಡಿ ಅಂದವಳೂ ನಾನೇ. ಕೆರೇಲಿ ನೀರಿಲ್ಲ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದಿನಾ ಅದನ್ನ ಸುತ್ತಿ ಬರ್ತೀನಿ, ಕಣ್ಣಿದೆ.”

ಅವನು ಭೂತಗನ್ನಡಿಯನ್ನು ಕೆಳಗಿಟ್ಟ. ಮೂಲ ಸಿಕ್ಕಿತೆಂದು ಖುಷಿಯಾಗುತ್ತದೆಂದು ನಾನು ತಿಳಿದಿದ್ದೆ. ಅವನ ಮುಖದಲ್ಲಿ ಗಾಬರಿ ಕಂಡಿತು.

“ನಿಮ್ಮ ಮನೆಯ ಸಾಹೇಬರಿಗೆ ಗೊತ್ತಿತ್ತೇ?”

“ಅವರಿಗೆ ರಾಜ ಯಾರು ಶೆಟ್ಟಿ ಯಾರು ಅಂತಲೇ ಗೊತ್ತಿಲ್ಲ. ಇವತ್ತಿಗೂ ಕನ್ನಡಿ ಒಡೆದಿದೆ ಅಂದುಕೊಂಡಿದಾರೆ. ಹೊರಗೇ ಕೂತಿದಾರೆ, ಕರೆದು ಕೇಳಿ. ಸುಳ್ಳು ಹೇಳಿದರೆ ಅವರ ಕಿವಿ ಹೇಳುತ್ತೆ.”

“ಕೇಳಿದ್ದೇನೆ. ಮೂರು ಸಲ ಕೇಳಿದ್ದೇನೆ,” ಎಂದು ಅವನು ನಿಟ್ಟುಸಿರು ಬಿಟ್ಟ. ಮಹಿಳಾ ಕಾನ್‌ಸ್ಟೇಬಲ್‌ಗೆ ಚಾ ತರಲು ಹೇಳಿ, ಧ್ವನಿ ತಗ್ಗಿಸಿದ. “ಬೆನ್, ನನ್ನ ಕಷ್ಟ ಕೇಳಿ. ಒಳಸಂಚು ಅನ್ನಬೇಕಾದರೆ ಕಾನೂನಿಗೆ ಕನಿಷ್ಠ ಇಬ್ಬರು ಬೇಕು. ಒಬ್ಬರೇ ಕೂತು ಮಾಡಿದರೆ ಅದು ಒಳಸಂಚಲ್ಲ, ಬರೀ ಯೋಚನೆ. ಸಾಹೇಬರಿಗೆ ಗೊತ್ತಿದ್ದರೆ ಇಬ್ಬರಾಗುತ್ತಿದ್ದಿರಿ, ಇಬ್ಬರ ಹೆಸರೂ ಹೋಗುತ್ತಿತ್ತು. ಗೊತ್ತಿರಲಿಲ್ಲ ಅಂದರೆ ಕೇಸೇ ನಿಲ್ಲುವುದಿಲ್ಲ.”

“ಹಾಗಾದ್ರೆ ಒಬ್ಬಳೇ ಮಾಡಿದೆ ಅಂತ ಬರೀರಿ. ಮುಗೀತಲ್ಲ.”

“ಅದು ಇನ್ನೂ ಕಷ್ಟ. ನಾಯಕರ ವಿರುದ್ಧ ದೇಶಮಟ್ಟದ ಷಡ್ಯಂತ್ರ ನಡೆದಿದೆ ಅಂತ ಅವರೇ ಭಾಷಣ ಮಾಡಿದ್ದಾರೆ. ಒಬ್ಬ ಗೃಹಿಣಿ ಮನೆಯಲ್ಲಿ ಗೊಂಬೆ ಇಟ್ಟು ಅವರನ್ನು ಅಲ್ಲಾಡಿಸಿದಳು ಅಂತ ನಾನು ಬರೆದುಕೊಟ್ಟರೆ, ನಾಳೆ ಪೇಪರಿನಲ್ಲಿ ಬಂದರೆ, ಅವರ ಮರ್ಯಾದೆ ಏನಾಗಬೇಕು? ನನ್ನ ವರ್ಗಾವಣೆ ಎಲ್ಲಿಗಾಗಬೇಕು?”

ನಾವಿಬ್ಬರೂ ಚಾ ಕುಡಿದೆವು. ಕೆಳಗೆ ಗಾಲಿಗಳು ತಿರುಗುತ್ತಲೇ ಇದ್ದವು. ಆಮೇಲೆ ಅವನು ಟೈಪ್ ಮಾಡುವವನಿಗೆ ತಾನೇ ಹೇಳತೊಡಗಿದ, ನಿಧಾನವಾಗಿ, ಗುಜರಾತಿಯಲ್ಲಿ. ಇಷ್ಟು ವರ್ಷ ಇಲ್ಲಿದ್ದು ನನಗೆ ಓದಲೂ ಬರುತ್ತದೆ. ಕಾಗದ ನನ್ನ ಮುಂದೆ ಬಂದಾಗ ಓದಿದೆ. ನಾನು ಗೃಹಿಣಿ. ಪರರಾಜ್ಯದವಳು. ನನ್ನ ಪ್ರಾಂತ್ಯದ ಪದ್ಧತಿಯಂತೆ ಆಟಿಕೆಗಳನ್ನು ಜೋಡಿಸಿದೆ. ಕನ್ನಡಿ ಒಡೆದಿದ್ದರಿಂದ ಮರಳು ಹಾಕಿದೆ. ಅದರ ಅರ್ಥ ನನಗೆ ತಿಳಿದಿರಲಿಲ್ಲ. ನನಗೆ ರಾಜಕೀಯದ ತಿಳಿವಳಿಕೆಯಿಲ್ಲ, ಸಾರ್ವಜನಿಕ ವಿಷಯಗಳಲ್ಲಿ ಸ್ವಂತ ಅಭಿಪ್ರಾಯವಿಲ್ಲ.

“ಇದು ಸುಳ್ಳು,” ಎಂದೆ.

“ಹೌದು ಬೆನ್.”

“ಕನ್ನಡಿ ಬೇಕಾದ್ರೆ ಒಡೀಲಿ. ಕೊನೆಯ ಸಾಲು ತೆಗೆದುಹಾಕಿ. ನನಗೆ ಅಭಿಪ್ರಾಯ ಇದೆ.”

“ಎಲ್ಲ ಸಾಲನ್ನೂ ಬದಲಾಯಿಸಿಕೊಡುತ್ತೇನೆ, ಅದೊಂದನ್ನು ಬಿಟ್ಟು,” ಎಂದ. “ಸಾಹೇಬರನ್ನು ಉಳಿಸುವುದು ಅದೊಂದೇ. ಅಭಿಪ್ರಾಯ ಇದೆ ಅಂದರೆ, ಅದು ಎಲ್ಲಿಂದ ಬಂತು, ಯಾರು ಕೊಟ್ಟರು ಅಂತ ಮತ್ತೆ ಶುರುಮಾಡಬೇಕಾಗುತ್ತದೆ.”

“ಇದಕ್ಕೆ ರುಜು ಹಾಕಬೇಕಾಗಿಲ್ಲ ಅಂತ ನನ್ನ ಮಗಳು ಹೇಳಿದಾಳೆ.”

“ಕಾನೂನು ಬೇಡ ಅನ್ನುತ್ತೆ. ನಮ್ಮ ಮೇಲಿನವರು ಬೇಕು ಅನ್ನುತ್ತಾರೆ.”

ಅರೆ ತೆರೆದ ಬಾಗಿಲಿನಿಂದ ಬೆಂಚು ಕಾಣುತ್ತಿತ್ತು. ಯಜಮಾನರು ಮೊಣಕಾಲುಗಳ ಮೇಲೆ ಕೈಯಿಟ್ಟುಕೊಂಡು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಹಾಗೆ ನೇರ ಕೂತಿದ್ದರು. ಶರಟಿನ ಕಾಲರು ಕತ್ತಿನಿಂದ ದೂರ ಸರಿದಿತ್ತು, ಅಷ್ಟು ಸೊರಗಿಹೋಗಿದ್ದರು. ನಾನು ರುಜು ಹಾಕಿದೆ. ಬದುಕಿನಲ್ಲಿ ಒಂದು 
ಸಲ ನಾನು ಮಾಡಿದ ಕೆಲಸಕ್ಕೆ ಸರ್ಕಾರಿ ಯಂತ್ರವೇ ಕದಲಿತ್ತು. ಅದು ನನ್ನದಲ್ಲ ಎಂದು ನಾನೇ ಬರೆದುಕೊಟ್ಟೆ.

ಹೊರಗೆ ಬಂದು ಕಾಗದದಲ್ಲಿ ಬರೆದದ್ದನ್ನು ಹೇಳಿ, “ಮುಗೀತು, ನಿಮ್ಮ ಹೆಸರಿಲ್ಲ” ಎಂದಾಗ ಯಜಮಾನರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸ್ಟೇಷನ್ನಿನ ತನಕವೂ ನನ್ನ ಕೈ ಹಿಡಿದುಕೊಂಡಿದ್ದರು. ಮದುವೆಯಾದ ಮೇಲೆ ಬೀದಿಯಲ್ಲಿ ಕೈ ಹಿಡಿದವರಲ್ಲ. ಸಂಜೆಯ ಗಾಡಿಯಲ್ಲಿ ಸೀಟು ಸಿಕ್ಕಿದ ತಕ್ಷಣ ಹಳೆಯ ಮೇಲಧಿಕಾರಿಗೆ ಫೋನು ಮಾಡಿದರು. “ಬಚಾವಾದ್ವಿ ಸಾರ್! ಇವಳಿಗೆ ಏನೂ ಗೊತ್ತಿಲ್ಲ, ಯಾವ ಅಭಿಪ್ರಾಯಾನೂ ಇಲ್ಲ ಅಂತ ಬರ್ಕೊಂಡು ಬಿಟ್‌ಬಿಟ್ರು.” ಅಷ್ಟು ದಿನಗಳ ಮೇಲೆ ಅವರ ನಗು ಕೇಳಿ ನನಗೆ ಸಂತೋಷವಾಯಿತು, ನಿಜವಾಗಿಯೂ ಆಯಿತು. ಆ ಮಾತು ಕೇಳಿ ಎದ್ದು ಬೇರೆ ಬೋಗಿಗೆ ಹೋಗೋಣ ಎಂದೂ ಅನ್ನಿಸಿತು.

ವಡೋದರಾ ಸ್ಟೇಷನ್ನಿನಲ್ಲಿ ಆ ಹಿರಿಯರು ಪ್ಲಾಟ್‌ಫಾರಮ್ಮಿಗೇ ಬಂದು ಕಾದಿದ್ದರು. ಕೈಯಲ್ಲಿ ನಮಗೆಂದು ಒಂದು ಪೊಟ್ಟಣ ಅವಲಕ್ಕಿ ಚೇವ್ಡಾ. ನಾವು ಬಾಗಿಲಿಗೆ ಬಂದು ನಿಂತೆವು. ಅವರ ಕಣ್ಣೂ ಒದ್ದೆಯಾಗಿತ್ತು.

“ನೀ ಏನೂ ತಿಳೀದಾಕಿ ಅಂತ ಬರದಾರಂತಲ್ಲ ತಂಗಿ. ಛಲೋ ಆತು ನೋಡು. ದೇವರು ದೊಡ್ಡಾಂವ.”

“ಸಾರ್,” ಎಂದೆ, “ಮರಳು ನಾನೇ ಹಾಕಿದ್ದು. ಬೇಕಂತ ಹಾಕಿದ್ದು. ಕಿಟಕಿಯಿಂದ ನೋಡಿ ಅಂತ ನಿಮಗೆ ಹೇಳಿದ್ದೂ ನಾನೇ.”

ಇಬ್ಬರೂ ನಕ್ಕರು. ಮನಸಾರೆ, ಹೊಟ್ಟೆ ಹಿಡಿದುಕೊಂಡು ನಕ್ಕರು. “ಭಾಳ ಚಾಷ್ಟಿ ಮಾಡ್ತೀ ನೋಡವಾ,” ಎಂದು ಹಿರಿಯರು ಕಣ್ಣೊರೆಸಿಕೊಂಡರು. “ಇವಳು ಹೀಗೇ ಸಾರ್,” ಎಂದರು ಯಜಮಾನರು. ಗಾಡಿ ಹೊರಟಿತು.

ಸೀಟಿಗೆ ಬಂದು ಕೂತೆವು. ಅವರು ಪೊಟ್ಟಣ ಬಿಚ್ಚಿ ನನಗೆ ಕೊಟ್ಟು, ತಾವೂ ಸ್ವಲ್ಪ ಬಾಯಿಗೆ ಹಾಕಿಕೊಂಡರು. ನಾನು ನಗುತ್ತಿಲ್ಲವೆಂಬುದು ಅವರಿಗೆ ಕಂಡದ್ದು ಆನಂದ್ ಸ್ಟೇಷನ್ ದಾಟಿದ ಮೇಲೆ. ಅಗಿಯುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು.

“ಏನೇ... ಕನ್ನಡಿ ಒಡೆದಿರಲಿಲ್ವ?”

“ಇಲ್ಲ.”

“ಬೇಕಂತಲೇ ಹಾಕಿದ್ಯಾ?”

“ಹೂಂ.”

ಅವರು ಚೇವ್ಡಾದ ಪೊಟ್ಟಣದ ಬಾಯಿ ಮಡಿಸಿ ಪಕ್ಕಕ್ಕಿಟ್ಟರು. ಎದುರಿನ ಸೀಟಿನ ಕುಟುಂಬ ಮೆಂತ್ಯದ ರೊಟ್ಟಿ ಥೇಪ್ಲಾ ಬಿಚ್ಚಿ ನಮಗೂ ನೀಡಿತು, ನಾನೇ ಬೇಡವೆಂದೆ. ಅವರ ಧ್ವನಿಯಲ್ಲಿ ಕೋಪವಿರಲಿಲ್ಲ, ನೋವಿತ್ತು.

“ಇಷ್ಟೆಲ್ಲ ಆಯ್ತು. ನಂಗೊಂದು ಮಾತು ಹೇಳ್ಬಾರದಿತ್ತಾ?”

“ಹೇಳಿದ್ರೆ ನಾವು ಇಬ್ಬರಾಗ್ತಿದ್ವಿ ರೀ,” ಎಂದೆ.